ಅಮ್ಮನ ಬಲ, ನಮ್ಮ ಬಲ

ಮೂವತ್ತೆಂಟು ವರ್ಷ ನಾನು ದೇವರಿಗೆ ಬೆನ್ನು ತಿರುಗಿಸಿ ನಿಂತು ಅನ್ನ ತಿಂದವನು. ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದೆ. ಗೈಡಿನ ಕೆಲಸವೇ ಹಾಗೆ. ಎದುರಿಗೆ ಪ್ರವಾಸಿಗಳು, ಬೆನ್ನ ಹಿಂದೆ ಗೋಡೆ, ಗೋಡೆಯ ತುಂಬ ದೇವಾನುದೇವತೆಗಳು. ತಿರುಗಿ ನೋಡದೆಯೇ ಕೈ ಚಾಚಿ, "ಈಗ ನಿಮ್ಮ ಬಲಗಡೆ ನೋಡಿ" ಅನ್ನಬೇಕು. ಬಲ ಅಂದರೆ ನೋಡುವವರ ಬಲ. ಕಲ್ಲಿನ ದೇವರಿಗೂ ಅದರದೇ ಆದ ಒಂದು ಬಲಗೈ ಇರುತ್ತದೆ ಎಂಬ ಸಂಗತಿ ನನ್ನ ವೃತ್ತಿಗೆ ಅಡ್ಡ ಬರುತ್ತಿದ್ದುದು ಗಣಪತಿಯ ಮುಂದೆ ಮಾತ್ರ. ಸೊಂಡಿಲು ಬಲಕ್ಕೆ ತಿರುಗಿದೆಯೋ ಎಡಕ್ಕೋ ಎಂದು ಪ್ರವಾಸಿಗಳಲ್ಲಿ ಜಗಳ ಹುಟ್ಟುತ್ತಿತ್ತು. ಗಣಪತಿಯ ಬಲವೋ ನಮ್ಮ ಬಲವೋ ಎಂಬ ಆ ಗಹನವಾದ ಪ್ರಶ್ನೆಯನ್ನು ನಾನು, ಯಾವ ಪಕ್ಷದಲ್ಲಿ ಹೆಚ್ಚು ಮಂದಿ ಇದ್ದಾರೋ ಆ ಪಕ್ಷದ ಪರವಾಗಿ, ಗಂಭೀರ ಮುಖದಿಂದ ತೀರ್ಮಾನಿಸುತ್ತಿದ್ದೆ.

ಆ ಪಾಪ ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಗಂಡಸಿಯ ಆಚೆಯ ಒಂದು ಬೆಟ್ಟದ ಮೇಲೆ ನನ್ನನ್ನು ಹುಡುಕಿಕೊಂಡು ಬಂತು.

ನನ್ನ ಅಕ್ಕ ನನಗಿಂತ ಐದು ವರ್ಷ ದೊಡ್ಡವಳು, ಗಂಡಸಿಯಲ್ಲಿದ್ದಾಳೆ. ಕೆಲಸ ಬಿಟ್ಟ ಮೇಲೆ ನಾನೂ ಬಂದು ಅವಳ ಪಕ್ಕದ ಮನೆಯಲ್ಲಿ ಸೇರಿಕೊಂಡೆ. ನನ್ನ ಹೆಂಡತಿ ತೀರಿಕೊಂಡಂದಿನಿಂದ ಎರಡು ಹೊತ್ತಿನ ಊಟ ಅಕ್ಕನ ಮನೆಯಲ್ಲೇ. ಆದ್ದರಿಂದ ಅವಳ ಆರೋಗ್ಯದ ಬಗ್ಗೆ ನನಗಿರುವ ಕಾಳಜಿ ಪೂರ್ತಿ ನಿಸ್ವಾರ್ಥವೆಂದು ಹೇಳಿಕೊಳ್ಳಲಾರೆ.

ಅಕ್ಕನಿಗೆ ಹೊಟ್ಟೆನೋವು. ಮೊದಲು ಜೀರಿಗೆ ಕಷಾಯ, ಆಮೇಲೆ ಅರಸೀಕೆರೆಯ ಡಾಕ್ಟರು, ಆಮೇಲೆ ಹಾಸನದ ದೊಡ್ಡ ಆಸ್ಪತ್ರೆ. ಸ್ಕ್ಯಾನಿಂಗ್ ನೋಡಿದ ಡಾಕ್ಟರು ಒಳಗೆ ಗಡ್ಡೆ ಇದೆ ಎಂದರು. ಮೊದಲ ಸಲ ನೆಲ್ಲಿಕಾಯಿ ಗಾತ್ರ. ಮೂರು ವಾರ ಬಿಟ್ಟು ನೋಡಿದಾಗ ನಿಂಬೆಹಣ್ಣಿನ ಗಾತ್ರ.

"ಏನ್ಲಾ ಇವ್ರು, ಹಣ್ಣಿನ ಅಂಗಡಿ ಇಕ್ಕವ್ರಾ?" ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು. ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಬೇಗ ಆಪರೇಷನ್ ಮಾಡಿ ತೆಗೆಯಬೇಕು, ತೆಗೆದ ಮೇಲೆಯೇ ಅದರ ಜಾತಿ ಗೊತ್ತಾಗುವುದು, ತಿಂಗಳುಗಟ್ಟಲೆ ಕಾಯುವ ಮಾತು ಬೇಡ ಎಂದರು. ಅವರು "ಜಾತಿ" ಎಂದ ರೀತಿಗೆ ನನ್ನ ನಗು ಅಲ್ಲಿಗೇ ನಿಂತಿತು.

ಹಾಸನದಲ್ಲೇ ಕೆಲಸದಲ್ಲಿರುವ ಅಕ್ಕನ ಮಗಳು ಓಡಾಡಿ ಒಂದು ದಿನ ಗೊತ್ತುಮಾಡಿಸಿದಳು. ಉಳಿದದ್ದು ಅಕ್ಕನ ಒಪ್ಪಿಗೆ ಮಾತ್ರ. ಅಕ್ಕ ಸಹಿ ಹಾಕಬೇಕಾದ ಕಾಗದವನ್ನು ಮುಟ್ಟಲೇ ಇಲ್ಲ.

"ಬೆಟ್ಟದಮ್ಮನ್ನ ಕೇಳ್ದೆ ನಾನು ಕತ್ತಿಗೆ ಮೈ ಕೊಡಾಕಿಲ್ಲ. ಅಮ್ಮ ಹೂ ಕೊಟ್ರೆ ಆಗ್ಲಿ. ಕೊಡ್ಲಿಲ್ಲ ಅಂದ್ರೆ ಗಡ್ಡೆನೂ ನಾನೂ ಹಿಂಗೇ ಇರ್ತೀವಿ."

ಹೂ ಕೇಳುವುದು ನಮ್ಮ ಕಡೆಯ ರೂಢಿ. ದೇವಿಯ ಎರಡು ಪಕ್ಕಕ್ಕೂ ಒಂದೊಂದು ಒದ್ದೆ ಹೂವನ್ನು ಪೂಜಾರಿ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕಾಯುತ್ತಾರೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಒಂದು ವಿಷಯಕ್ಕೆ ಒಂದೇ ಸಲ. ಎಡಕ್ಕೆ ಬಿದ್ದರೆ ವರ್ಷ ತುಂಬುವವರೆಗೆ ಅದೇ ಮಾತನ್ನು ಮತ್ತೆ ಎತ್ತುವಂತಿಲ್ಲ. ನೆಲ್ಲಿಕಾಯಿ ಮೂರು ವಾರದಲ್ಲಿ ನಿಂಬೆಹಣ್ಣಾಗಿತ್ತು. ವರ್ಷ ತುಂಬುವ ಹೊತ್ತಿಗೆ ಯಾವ ಹಣ್ಣಾಗುತ್ತದೆ ಎಂದು ಲೆಕ್ಕ ಹಾಕುವ ಧೈರ್ಯ ನನಗಿರಲಿಲ್ಲ.

ಬೆಟ್ಟಕ್ಕೆ ಹೊರಡುವ ದಿನ ಬೆಳಗ್ಗೆ ಅಕ್ಕನ ಮಗಳ ಫೋನು. "ಮಾವ, ಇವತ್ತು ನಾಲ್ಕು ಗಂಟೆ ಒಳಗೆ ಹೂಂ ಅನ್ನಬೇಕಂತೆ. ಇಲ್ಲಾಂದ್ರೆ ಬೆಡ್ ಬೇರೆಯವರಿಗೆ ಕೊಡ್ತಾರೆ. ಮುಂದಿನದು ಯಾವಾಗಲೋ ಗೊತ್ತಿಲ್ಲ. ಅಮ್ಮನ್ನ ಹೆಂಗಾದ್ರೂ ಒಪ್ಪಿಸಿ, ಪ್ಲೀಸ್."

"ನಿಮ್ಮಮ್ಮನನ್ನ ಒಪ್ಪಿಸೋ ಕೆಲಸ ಈಗ ನನ್ನ ಕೈಲಿಲ್ಲ ಕಣಮ್ಮ. ಎರಡು ಹೂವಿನ ಕೈಲಿದೆ" ಎಂದೆ. ಅವಳು ಅಳುತ್ತಿದ್ದಳೆಂದು ಫೋನಿಟ್ಟ ಮೇಲೆ ಹೊಳೆಯಿತು.

ಬೆಟ್ಟದ ಬುಡದವರೆಗೆ ಆಟೋ. ಅರಸೀಕೆರೆ ಪಕ್ಕದ ಮಾಲೇಕಲ್ಲಿನಂಥ ಎತ್ತರದ ಬೆಟ್ಟವಲ್ಲ, ಅದರ ಬಡ ನೆಂಟನಂಥದ್ದು. ಆದರೂ ಅಕ್ಕ ಹತ್ತು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದಳು. ಕೂತಾಗಲೆಲ್ಲ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ನಾನು ನೋಡಿದರೆ ಆ ಕೈ ತೆಗೆದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ. ಅವಳು ನೋಡಿದರೆ ಗಡಿಯಾರ ಬಿಟ್ಟು ದೂರದ ತೆಂಗಿನ ತೋಟ ನೋಡುತ್ತಿದ್ದೆ. ಎರಡೂವರೆಗೆ ನಾವು ಅರ್ಧ ದಾರಿಯಲ್ಲಿದ್ದೆವು.

"ಅಲ್ಲಕ್ಕ, ಡಾಕ್ಟ್ರು ಇಷ್ಟು ಓದಿರೋದು ಯಾತಕ್ಕೆ? ಅವರು ಹೇಳಿದ ಮೇಲೂ ಹೂವನ್ನ ಕೇಳಬೇಕಾ?"

"ಡಾಕ್ಟ್ರಿಗೆ ನನ್ ಹೊಟ್ಟೆ ಗೊತ್ತು. ನಾನು ಗೊತ್ತಾ?" ಎಂದಳು. ನಾವು ಇನ್ನೂ ಹತ್ತು ಮೆಟ್ಟಿಲು ಹತ್ತಿದೆವು.

ಆಗ ನನ್ನ ತಲೆಯಲ್ಲಿ ಒಂದು ಯೋಜನೆ ಹುಟ್ಟಿತು. "ನೀನು ಸುಧಾರಿಸಿಕೊಂಡು ಬಾ. ನಾನು ಮುಂದೆ ಹೋಗಿ ಪೂಜಾರಿ ಇದ್ದಾನೋ ನೋಡ್ತೀನಿ" ಎಂದು ಅವಳನ್ನು ಒಂದು ಬಸರಿ ಮರದ ನೆರಳಲ್ಲಿ ಕೂರಿಸಿ ಹೊರಟೆ.

ಬೆಟ್ಟದಮ್ಮನ ಗುಡಿಗೆ ನಾನು ಹುಡುಗನಾಗಿದ್ದಾಗ ಬಂದವನು ಆಮೇಲೆ ಬಂದಿರಲಿಲ್ಲ. ಗುಡಿ ಎಂದರೆ ಎರಡು ಬಂಡೆಗಳ ಸಂದು, ಮೇಲೊಂದು ತಗಡು. ಒಳಗೆ ಮಂಡಿಯೆತ್ತರದ ಒಂದು ಕಲ್ಲು, ಅದಕ್ಕೆ ಕುಂಕುಮ, ಎರಡು ಬೆಳ್ಳಿ ಕಣ್ಣು. ಉಳಿಯ ಒಂದು ಗೆರೆಯೂ ಇಲ್ಲ. ಕಲ್ಲಿನ ಕೂದಲಿನ ಎಳೆಯನ್ನೂ ತೋರಿಸಿ ಬದುಕಿದ ನನ್ನಂಥವನಿಗೆ ಅಲ್ಲಿ ಹೇಳಲು ಒಂದು ವಾಕ್ಯವೂ ಸಿಗುತ್ತಿರಲಿಲ್ಲ.

ಪೂಜಾರಿ ದೊಣೆಯಲ್ಲಿ, ಅಂದರೆ ಬಂಡೆಯ ಗುಂಡಿಯಲ್ಲಿ ನಿಂತ ಮಳೆನೀರಿನಲ್ಲಿ, ಕಾಲು ತೊಳೆಯುತ್ತಿದ್ದ. ನನ್ನ ವಾರಿಗೆಯವನೇ. ಕೆಳಗಿನ ರಾಗಿ ಹೊಲದಿಂದ ಆಗಷ್ಟೇ ಹತ್ತಿ ಬಂದಿದ್ದ, ಪಂಚೆಯ ಅಂಚಿಗೆ ಇನ್ನೂ ಮಣ್ಣಿತ್ತು. ನನ್ನನ್ನು ಗುರುತಿಸಿ, "ಏನ್ ಗೈಡಪ್ನೋರೇ, ದಾರಿ ತಪ್ಪಿ ಬಂದ್ರಾ?" ಎಂದ.

ನಾನು ವಿಷಯ ಹೇಳಿದೆ. ಗಡ್ಡೆ, ಡಾಕ್ಟರು, ನಾಲ್ಕು ಗಂಟೆ. ಆಮೇಲೆ, ಪರಂಪರೆಯ ಬಗ್ಗೆ ದೇಶವಿದೇಶದ ಜನಕ್ಕೆ ಉಪನ್ಯಾಸ ಕೊಟ್ಟ ನಾನು, ಸ್ವರ ತಗ್ಗಿಸಿ ಹೇಳಿದೆ: "ಬಲದ ಹೂವನ್ನ ಸ್ವಲ್ಪ ಸಡಿಲವಾಗಿ ಇಡಿ. ಇನ್ನೇನೂ ಬೇಡ." ತಪ್ಪು ತಿಳಿಯದಿರಲೆಂದು ಒಳಗೆ ಇಣುಕಿ ಕೈ ಚಾಚಿ ತೋರಿಸಿದೆ. "ನೋಡಿ, ಈ ಕಡೆಯದು."

ಪೂಜಾರಿ ನನ್ನ ಕೈ ನೋಡಿದ, ಕಲ್ಲನ್ನು ನೋಡಿದ. "ನಾನು ಹೂ ಇಕ್ಕೋನು ಸ್ವಾಮಿ. ಬೀಳ್ಸೋಳು ಅವಳು" ಎಂದು ಕೈ ಒರೆಸಿಕೊಂಡ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಕೇಳುವಷ್ಟರಲ್ಲಿ ಅಕ್ಕನ ಏದುಸಿರು ಕೇಳಿಸಿತು.

ಅಕ್ಕ ಕಲ್ಲಿನೆದುರು ಕೂತಳು. ಪೂಜಾರಿ ಎರಡು ಕೆಂಪು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ, ಬೆಳ್ಳಿ ಕಣ್ಣುಗಳ ಆಚೀಚೆ ಒಂದೊಂದು ಒತ್ತಿದ. "ಕೇಳ್ಕಳಿ ಅವ್ವಾ" ಎಂದು ಹಿಂದೆ ಸರಿದ. ಅಕ್ಕನ ತುಟಿ ಅಲ್ಲಾಡುತ್ತಿತ್ತು. ನಾನು ಅವಳ ಬೆನ್ನ ಹಿಂದೆ ನಿಂತು, ಬಲದ ಹೂವಿನ ಮೇಲೆ ಕಣ್ಣು ನೆಟ್ಟೆ.

ಬೀಳಲಿಲ್ಲ.

ಐದು ನಿಮಿಷ. ಹತ್ತು ನಿಮಿಷ. ಹೂವಿನಿಂದ ಒಂದು ಹನಿ ಇಳಿದು ಕುಂಕುಮದಲ್ಲಿ ಗೆರೆ ಬರೆಯಿತು. ಸಡಿಲವಾಗಿಟ್ಟ ಹೂ ಇಷ್ಟು ಹೊತ್ತು ನಿಲ್ಲುವುದುಂಟೇ? ಪೂಜಾರಿ ನನ್ನ ಮಾತು ಕೇಳಲಿಲ್ಲ ಎಂದು ಮನಸ್ಸಿಗೆ ಬಂತು. ಜೊತೆಗೇ ಎಡದ ಹೂವಿನ ತೊಟ್ಟು ಬಾಗಿದಂತೆ ಕಂಡಿತು. ದೇವರಲ್ಲಿ ನಂಬಿಕೆ ಇಲ್ಲದವನೆಂದು ಗೈಡುಗಳ ನಡುವೆ ಹೆಸರು ಮಾಡಿದ್ದ ನಾನು ಆ ಎಡದ ಹೂವಿಗೆ, ನೇರವಾಗಿ ಆ ಹೂವಿಗೇ, ಬೀಳಬೇಡವಪ್ಪಾ ಎಂದು ಕೈ ಮುಗಿದೆ.

ಕಾಲು ಗಂಟೆಯ ಮೇಲೆ ಒಂದು ಹೂ ಬಿತ್ತು. ನಾನು ಕೈ ಚಾಚಿ ತೋರಿಸಿದ ಕಡೆಯದೇ!

"ಬಿತ್ತು ಅಕ್ಕ! ಬಲಕ್ಕೇ ಬಿತ್ತು! ಏಳು, ಫೋನ್ ಮಾಡೋಣ!"

ಅಕ್ಕ ಏಳಲಿಲ್ಲ. ತಿರುಗಿ ನನ್ನನ್ನು ನೋಡಿದಳು.

"ಯಾರ ಬಲ ಕಣ್ಲಾ?"

"ಯಾರ ಬಲ ಅಂದ್ರೆ? ಬಲ. ಈ ಕಡೆ."

"ಅದು ನಿನ್ ಬಲ. ಅಮ್ಮ ನಮ್ ಕಡೆ ಮಕ ಮಾಡಿ ಕುಂತವ್ಳೆ. ಅದು ಅವಳ ಎಡಗೈ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬ್ಯಾಡ ಅಂದ್ಬುಟ್ಳು. ಆಯ್ತು. ನಡಿ ಮನೆಗೆ."

ಪೂಜಾರಿ ತಲೆ ತಗ್ಗಿಸಿ ನಿಂತಿದ್ದ. ನಾನೂ ನಿಂತಿದ್ದೆ, ಕೈ ಇನ್ನೂ ಚಾಚಿಕೊಂಡೇ. ಮೂವತ್ತೆಂಟು ವರ್ಷ ಸಾವಿರಾರು ಜನಕ್ಕೆ ತೋರಿಸಿದ ಕೈ. ಆ ಕೈಯಿಂದಲೇ ನನ್ನ ಅಕ್ಕನ ಆಪರೇಷನ್ನನ್ನು ನಾನು ರದ್ದು ಮಾಡಿಸಿದ್ದೆ. ಎಡದ ಹೂವನ್ನು ಸಡಿಲ ಮಾಡಿ ಇಡಿಸಿದವನು ನಾನೇ.

ಅವಳು ಬಂಡೆ ಹಿಡಿದು ಎದ್ದು ಚಪ್ಪಲಿಯ ಕಡೆ ಹೊರಟಳು. ಇನ್ನು ಹೇಳದೆ ದಾರಿಯಿರಲಿಲ್ಲ.

"ಅಕ್ಕ, ನಿಲ್ಲು. ಆ ಹೂವನ್ನ ನಾನೇ ಬೀಳಿಸಿದ್ದು."

"ಏನಂದೆ?"

"ನೀನು ಬರೋ ಮುಂಚೆ ಇವರಿಗೆ ಹೇಳಿದ್ದೆ. ಈ ಕಡೆಯದನ್ನ ಸಡಿಲ ಇಡಿ ಅಂತ. ನನಗೆ ಬಲ ಅಂದ್ರೆ ಇದೇ. ನಾನು ಕೆಟ್ಟೆ. ಅಮ್ಮ ಏನೂ ಹೇಳಿಲ್ಲ, ಹೇಳಿದ್ದೆಲ್ಲ ನಾನು." ಚಾಚಿದ ಕೈಯನ್ನು ಕೆಳಗಿಳಿಸಿದೆ. ತೋರಿಸುವುದೇ ಕಸುಬಾಗಿದ್ದವನಿಗೆ ಅದು ಹೊಸ ಅನುಭವ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಥೂ ನಿನ್ನ. ದೇವ್ರ ಮುಂದೆ ಕಳ್ಳಾಟ ಆಡ್ತೀಯಾ? ಅಪ್ಪ ಇದ್ದಿದ್ರೆ ನಿನ್ ಚರ್ಮ ಸುಲೀತಿದ್ದ." ಆಮೇಲೆ ಪೂಜಾರಿಯ ಕಡೆಗೆ. "ದಿಟವಾ? ನೀನೂ ಸೇರ್ಕಂಡಾ?"

ಪೂಜಾರಿ ಒಂದು ಗಳಿಗೆ ಕಲ್ಲಿನ ಕಡೆ ನೋಡಿದ. ಮತ್ತೆ ಎರಡೂ ಕೆನ್ನೆಗೆ ಬಡಿದುಕೊಂಡ. "ಊಂ ಅವ್ವಾ. ಇವ್ರು ಕೈ ತೋರ್ಸಿದ್ ಕಡೇದ್ನ ಸಡ್ಲ ಇಕ್ದೆ. ತೆಪ್ಪಾಯ್ತು. ಕಳ್ ಹೂವು ಲೆಕ್ಕಕ್ಕಿಲ್ಲ. ಅಮ್ಮನ್ನ ಇನ್ನೊಂದು ಕಿತ ಕೇಳ್ಬೋದು."

ಅಕ್ಕ ಬಹಳ ಹೊತ್ತು ಯೋಚಿಸಿದಳು. ಗಂಟೆ ಮೂರೂ ಕಾಲು ದಾಟಿತ್ತು. "ಇವನ್ನ ಆಚೆ ನಿಲ್ಸು" ಎಂದಳು ಕೊನೆಗೆ.

ನನ್ನನ್ನು ತಗಡಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಲಾಯಿತು. ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂದು ಅಕ್ಕನ ಅಪ್ಪಣೆ. ಅಲ್ಲಿಂದ ಕಲ್ಲು ಅರ್ಧ ಕಾಣುತ್ತಿತ್ತು. ಪೂಜಾರಿ ಹೊಸ ಹೂಗಳನ್ನು ಅದ್ದಿ ಇಟ್ಟ. ಇನ್ನೊಂದು ಕಾಲು ಗಂಟೆ ಹಿಡಿದರೆ ನಾಲ್ಕಕ್ಕೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುವಷ್ಟೂ ಸಮಯ ಸಿಗಲಿಲ್ಲ. ಅವನು ಕೈ ಹಿಂದಕ್ಕೆ ತೆಗೆದನೋ ಇಲ್ಲವೋ, ಒಂದು ಹೂ ಬಿತ್ತು. ಯಾವ ಕಡೆ ಎಂದು ಹೇಳುವ ಅಧಿಕಾರವನ್ನು ನಾನು ಕಳೆದುಕೊಂಡಿದ್ದೆ. ಅಕ್ಕನ ಬಾಯಿಂದ ಬರಲಿ ಎಂದು ಕಾದೆ.

ಅಕ್ಕ ಬಿದ್ದ ಹೂವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ತುರುಬಿಗೆ ಸಿಕ್ಕಿಸಿಕೊಂಡಳು.

"ಅಮ್ಮನ ಬಲ" ಎಂದಳು. "ಫೋನ್ ಮಾಡು."

ಬೆಟ್ಟದ ಮೇಲೆ ಸಿಗ್ನಲ್ ಇರುವುದು ಮೇಲಿನಿಂದ ಏಳನೆಯ ಮೆಟ್ಟಿಲಿನಲ್ಲಿ ಮಾತ್ರ, ಅದೂ ಒಂಟಿ ಕಾಲಿನಲ್ಲಿ ಬೇಲೂರಿನ ಕಡೆಗೆ ವಾಲಿದರೆ. ನಾನು ವಾಲಿದೆ. ಮೂರು ಮುಕ್ಕಾಲಕ್ಕೆ ಅಕ್ಕನ ಮಗಳಿಗೆ ಹೂಂ ಎಂದೆ.

ಅಕ್ಕ ನಿಧಾನವಾಗಿ ಇಳಿಯತೊಡಗಿದಳು. ಪೂಜಾರಿಗೆ ಕೈ ಮುಗಿಯಲೆಂದು ನಾನು ಹಿಂದೆ ಉಳಿದೆ. "ನಿಮ್ಮಿಂದ ದೊಡ್ಡ ಉಪಕಾರವಾಯ್ತು. ನನ್ನ ಮಾತು ಕೇಳಿ ಮೊದಲನೇ ಸಲ ಸಡಿಲ ಇಟ್ಟಿರಿ, ತಪ್ಪು ನಂದು, ಬೈಗುಳ ನಿಮಗೂ ಬಂತು" ಎಂದೆ.

ಅವನು ದೊಣೆಯಿಂದ ಚೊಂಬು ತುಂಬುತ್ತಿದ್ದ. ತಲೆ ಎತ್ತಲಿಲ್ಲ. "ಮೊದಲ್ನೇ ಕಿತ ನಾನು ಸಡ್ಲ ಇಕ್ಕಿರ್ಲಿಲ್ಲ ಸ್ವಾಮಿ."

"ಹಾಗಾದರೆ ಎರಡನೇ ಸಲ?"

"ಎರಡ್ನೇ ಕಿತ ನೀವು ನನ್ನ ಕೇಳೇ ಇರ್ಲಿಲ್ಲವಲ್ಲ" ಎಂದು ಚೊಂಬು ಎತ್ತಿಕೊಂಡು ಒಳಗೆ ಹೋದ.

ಮೊದಲು ಬಿದ್ದ ಹೂ ಕಲ್ಲಿನ ಬುಡದಲ್ಲಿ ಹಾಗೇ ಇತ್ತು. ಯಾಕೆಂದು ಹೇಳಲಾರೆ, ಬಗ್ಗಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಇಳಿಯುವಾಗ ಅದು ಎದೆಯ ಹತ್ತಿರ ಒದ್ದೆಯಾಗಿ ತಾಕುತ್ತಿತ್ತು. ಬೆಟ್ಟದಮ್ಮ ಬೇಡ ಎಂದಿದ್ದಳು. ಕಾಲು ಗಂಟೆ ಯೋಚಿಸಿ, ಯಾರ ಒತ್ತಾಯವೂ ಇಲ್ಲದೆ, ಬೇಡ ಎಂದಿದ್ದಳು. ಇದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಅವರಲ್ಲಿ ಒಬ್ಬ ದೇವರನ್ನು ನಂಬದವನು.

ಬಸರಿ ಮರದ ಹತ್ತಿರ ಬಂದಾಗ ಒಬ್ಬ ಜಪಾನಿ ಮುದುಕರ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಹಳೇಬೀಡಿಗೆ ಬಂದಿದ್ದರು. ನನ್ನ ಭಾಷಣವನ್ನೆಲ್ಲ ಕೇಳಿ, ತಮ್ಮ ಊರಿನ ಬೆಟ್ಟದಲ್ಲೂ ಒಂದು ಗುಡಿ ಇದೆ, ಆದರೆ ಒಳಗೆ ಶಿಲ್ಪವಿಲ್ಲ, ಹಗ್ಗ ಸುತ್ತಿದ ಒಂದು ಬಂಡೆ ಅಷ್ಟೇ ಎಂದಿದ್ದರು. ಎರಡು ಸಲ ಚಪ್ಪಾಳೆ ತಟ್ಟಿ ದೇವರಿಗೆ ತಾವು ಬಂದದ್ದನ್ನು ತಿಳಿಸುತ್ತಾರಂತೆ. ಚೀಟಿ ಎತ್ತಿ ಭವಿಷ್ಯ ಕೇಳುತ್ತಾರಂತೆ. ಕೆಟ್ಟದ್ದು ಬಂದರೇನು ಮಾಡುತ್ತೀರಿ ಎಂದು ನಾನು ತಮಾಷೆಗೆ ಕೇಳಿದ್ದೆ. ಆ ಚೀಟಿಯನ್ನು ಅಲ್ಲೇ ಮರದ ಕೊಂಬೆಗೆ ಕಟ್ಟಿ, ಮನೆಗೆ ತರದೆ ಬಂದುಬಿಡುತ್ತೇವೆ ಎಂದಿದ್ದರು, ಅದರಲ್ಲೇನು ವಿಶೇಷ ಎಂಬಂತೆ. ಆಗ ನನಗೆ ನಗು ಬಂದಿತ್ತು.

ಅಕ್ಕ ಮುಂದೆ ಇಳಿಯುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಜೇಬಿನ ಹೂವನ್ನು ತೆಗೆದು ಬಸರಿಯ ಎರಡು ಕೊಂಬೆಗಳ ಸಂದಿಗೆ ಸಿಕ್ಕಿಸಿದೆ. ಯಾವುದಕ್ಕೂ ಇರಲಿ ಎಂದು ಮೆಲ್ಲಗೆ ಎರಡು ಸಲ ಚಪ್ಪಾಳೆಯನ್ನೂ ತಟ್ಟಿದೆ.

"ಏನ್ಲಾ ಅದು ಸದ್ದು?"

"ಸೊಳ್ಳೆ" ಎಂದೆ.

ಆಪರೇಷನ್ನಿನ ದಿನ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅಕ್ಕನ ಮಗಳು ನನ್ನ ಪಕ್ಕದ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಎರಡು ಗಂಟೆಯ ಕೆಲಸ ಎಂದಿದ್ದರು. ಮೂರಾಯಿತು. ನರ್ಸು ಹೊರಗೆ ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಅವಳು ನನ್ನನ್ನು ನೋಡದೆ ಹೋದಾಗ ಕೂರುತ್ತಿದ್ದೆ. ವೈದ್ಯಶಾಸ್ತ್ರದ ಮೇಲೆ ನನಗೆ ಪೂರ್ಣ ವಿಶ್ವಾಸವಿತ್ತು. ಆದರೆ ಕಣ್ಣು ಮುಚ್ಚಿದರೆ ಕಾಲು ಗಂಟೆ ನಿಂತು ಬಿದ್ದ ಆ ಹೂವೇ ಕಾಣುತ್ತಿತ್ತು. ಅವಳಿಗೇನಾದರೂ ಆದರೆ, ದೇವಿ ಹೇಳಿದ್ದನ್ನು ಮುಚ್ಚಿಟ್ಟು ಒಳಗೆ ಕಳಿಸಿದವನು ನಾನು. "ಮಾವ, ಯಾಕೆ ಇಷ್ಟು ಚಡಪಡಿಸ್ತಿದೀರಾ? ಬೆಟ್ಟದಮ್ಮನೇ ಹೂ ಕೊಟ್ಟಳಲ್ಲ" ಎಂದು ಆ ಹುಡುಗಿ ನನಗೇ ಸಮಾಧಾನ ಹೇಳಿದಳು. ಅದು ಇನ್ನೂ ಕಷ್ಟವಾಯಿತು.

ಮೂರೂವರೆ ಗಂಟೆ ಕಳೆದ ಮೇಲೆ ಡಾಕ್ಟರು ಬಂದು, ಪೂರ್ತಿ ತೆಗೆದೆವು ಎಂದರು. ಹತ್ತು ದಿನದ ಮೇಲೆ ಗಡ್ಡೆಯ ಜಾತಿಯೂ ಗೊತ್ತಾಯಿತು. ಒಳ್ಳೆಯದೇನಲ್ಲ, ಆದರೆ ಬೇಗ ಬಂದಿದ್ದೀರಿ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಿ ಎಂದರು. ಒಂದು ವರ್ಷ ಬಿಟ್ಟಿದ್ದರೆ ಎಂದು ನಾನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು, ಹಣ್ಣಿನ ಹೆಸರು ಹೇಳಲಿಲ್ಲ.

ಆರು ತಿಂಗಳ ತಪಾಸಣೆ ಬರುವ ವಾರವಿದೆ. ಮೊನ್ನೆ ಅಕ್ಕ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನಾನು ಹತ್ತಿರ ಕೂತು ನಾರು ತೆಗೆಯುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿದಳು: "ಆವತ್ತು ಆ ಹೂವ ಎಲ್ಲಿ ಮಡಗ್ದೆ?"

"ಯಾವ ಹೂವು?"

"ಮೊದಲ್ನೇದು. ಜೇಬಲ್ಲಿ ಇಕ್ಕಂಡಿದ್ಯಲ್ಲ, ಅಂಗಿ ಒದ್ದೆ ಆಗಿತ್ತು."

ನಾನು ಬಸರಿ ಮರದ ವಿಷಯ ಹೇಳಿದೆ. ಚಪ್ಪಾಳೆಯ ವಿಷಯ ಬಿಟ್ಟೆ.

"ಚಿಕ್ಕೋಳಿದ್ದಾಗಿಂದ ಹೂ ಕೇಳೋದು ನೋಡಿವ್ನಿ" ಎಂದಳು. "ಸಡ್ಲ ಇಕ್ಕಿದ ಹೂವು ಕಾಲು ಗಂಟೆ ನಿಲ್ಲಾಕಿಲ್ಲ. ಕೈ ತೆಗೀತಿದ್ದಂಗೇ ಬಿದ್ದೋಯ್ತದೆ. ನಂಗೆ ಗೊತ್ತಾಗಲ್ವಾ ಯಾವ್ದು ಅಮ್ಮಂದು, ಯಾವ್ದು ಪೂಜಾರಿದು ಅಂತ?"

ನನ್ನ ಕೈಯ ಹುಣಸೆಹಣ್ಣು ಕೆಳಗೆ ಬಿತ್ತು. "ಗೊತ್ತಿದ್ದೂ ಒಪ್ಪಿದೆಯಾ? ಯಾಕೆ?"

"ನೀನು ಹುಟ್ಟಿದಾಗಿಂದ ದೇವ್ರ ಮುಂದೆ ಒಂದು ದಿಟ ಹೇಳ್ದೋನಲ್ಲ. ಆವತ್ತು ಹೇಳ್ದೆ. ಅದನ್ನ ನೋಡಿ ಅಮ್ಮನೂ ಮನಸ್ಸು ಬದಲಾಯಿಸಿರ್ತಾಳೆ ಅಂದ್ಕಂಡೆ." ಒಂದು ಬೀಜವನ್ನು ಬಟ್ಟಲಿಗೆ ಎಸೆದಳು. "ಬದಲಾಯಿಸಿಲ್ದೆನೂ ಇರ್ಬೋದು."

ನಾನು ಬಿದ್ದ ಹಣ್ಣನ್ನು ಎತ್ತಿ ನಾರು ತೆಗೆಯುತ್ತಿದ್ದಂತೆ ಅಕ್ಕನೇ ಮತ್ತೆ ಶುರುಮಾಡಿದಳು.

"ಹಾಸನಕ್ಕೆ ಹೋಗೋ ಮುಂಚೆ ಬೆಟ್ಟಕ್ಕೆ ಹೋಗನ. ತೆಪ್ಪಾಯ್ತು ಅಂತ ಒಂದು ಕಾಯಿ ಒಡ್ಕಂಡು ಬರಾನ."

"ಹೂ ಕೇಳ್ತೀಯಾ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಇಲ್ಲ ಕಣ್ಲಾ" ಎಂದು ಅಕ್ಕ ಮೊರವನ್ನು ನನ್ನ ಕಡೆ ತಳ್ಳಿದಳು. "ಕೇಳಿದ್ರೆ ಹೇಳ್ಬುಡ್ತಾಳೆ."